ಪುಟ್ಟಸ್ವಾಮಿ ಮೇಷ್ಟ್ರ ಕಂಪ್ಯೂಟರಿನ ಅಟ್ಟ

ನನ್ನ ಅಕ್ಷರ ಸೊಟ್ಟಗಿದೆ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ, ಬೇಸರಿಸದೆ ಓದಿ. ಪಾಂಡವಪುರದಲ್ಲಿ ನಮಗೆ ಕಂಪ್ಯೂಟರ್ ಕಲಿಸುವ ಪುಟ್ಟಸ್ವಾಮಿ ಮೇಷ್ಟ್ರು ಯಂತ್ರವನ್ನು ಎಂದೂ ಬೈಯುವುದಿಲ್ಲ. ಅದು ಗೊರಗೊರ ಎನ್ನುತ್ತ ನಿಂತುಬಿಟ್ಟರೆ, ದೂರದ ನಾಲೆಯ ಸದ್ದು ಕೇಳುವವರಂತೆ ಕಣ್ಣು ಮುಚ್ಚಿ ಕೂರುತ್ತಾರೆ. ಯಾರಾದರೂ ಸ್ವಿಚ್ಚಿಗೆ ಕೈ ಹಾಕಿದರೆ, "ತಾಳ್ಲಾ, ಅದು ಸಾಮಾನು ಎತ್ತಿಡ್ತಾ ಅದೆ. ನಿಮ್ಮವ್ವ ಅಟ್ಟದ ಮೇಲಿರೋವಾಗ ಏಣಿ ತೆಗ್ದುಬುಡ್ತೀಯಾ?" ಎನ್ನುತ್ತಾರೆ. ಮೆಮೊರಿ ತುಂಬಿದಾಗ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿನಲ್ಲಿ ಇಟ್ಟುಬರುವ ಜಾಗಕ್ಕೆ ಸ್ವಾಪ್ ಎಂದು ಹೆಸರು. ಮೇಷ್ಟ್ರಿಗೆ ಅದು ಅಟ್ಟ. ಮಧ್ಯಾಹ್ನ ಫ್ಯಾನಿನ ಕೆಳಗೆ ಅವರು ಮೆಲ್ಲಗೆ ಹೇಳುತ್ತಿದ್ದರೆ, ಪರದೆಯ ಹಿಂದೆ ಹುಣಸೆಹಣ್ಣಿನ ಮಡಕೆಗಳಿರುವ ಕತ್ತಲೆಯ ಅಟ್ಟ ನಮಗೂ ಕಾಣುತ್ತದೆ. ನಾನು ಕನ್ನಡ ಟೈಪ್ ಮಾಡುವಾಗಲೆಲ್ಲ ಯಂತ್ರ ನಿಂತುಹೋಗುತ್ತಿತ್ತು. ಶಾಲೆ ಬಿಟ್ಟಂತೆ ಇದನ್ನೂ ಬಿಡುತ್ತೇನೆ ಎಂದೆ. ಮರುದಿನ ಅಟ್ಟ ದೊಡ್ಡದಾಗಿತ್ತು, ಯಂತ್ರ ನಿಲ್ಲಲಿಲ್ಲ. ಜಾಗ ಎಲ್ಲಿತ್ತು ಸಾರ್ ಎಂದರೆ, "ನಮ್ಮವ್ವನ ಸೋಬಾನೆ ಹಾಡು ತುಂಬಿಸಿದ್ನಲ್ಲ, ಅಳಿಸ್ಬುಟ್ಟೆ. ಅವ್ವ ಊರಲ್ಲೇ ಅವ್ಳೆ, ಇನ್ನೊಂದ್ಸಲ ಹಾಡ್ತಾಳೆ ಬುಡವ್ವ" ಎಂದರು. ಅವರ ಅವ್ವ ಬೆಟ್ಟಮ್ಮನಿಗೆ ಈಚೆಗೆ ಹಾಡು ಅರ್ಧಕ್ಕೇ ಮರೆತುಹೋಗುತ್ತದೆ. ಭಾನುವಾರ ನಾನು ಬೆಟ್ಟಮ್ಮನ ಊರು ಚಿನಕುರಳಿಗೆ ಹೋಗಿ, ಅವರಿಗೆ ನೆನಪಿರುವಷ್ಟು ಹಾಡು ಕಲಿತು ಬರುತ್ತೇನೆ.