ಸೋಡಿಯಂ ಬಾಟಲಿಯ ಎಣ್ಣೆ

ಎಪ್ಪತ್ತರ ದಶಕದಲ್ಲಿ ನಾನು ಹುನಗುಂದದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಆ ವರ್ಷ ಊರಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆಯೇ, ಸಿಗದಂತಾಯಿತು. ಪ್ರಯೋಗಶಾಲೆಯ ಸೋಡಿಯಂ ತುಂಡುಗಳನ್ನು ಮುಳುಗಿಸಿಡುವುದೂ ಅದೇ ಎಣ್ಣೆಯಲ್ಲಿ. ನೀರು ತಾಗಿದರೆ ಆ ಲೋಹ ಸಿಡಿಯುತ್ತದೆ. ಎಣ್ಣೆ ದಿನಾ ಆರಿ ಇಳಿಯುತ್ತಿತ್ತು, ಎರಡು ತಿಂಗಳು ನಾನು ಒಂದು ಹನಿಯನ್ನೂ ತರಿಸಿರಲಿಲ್ಲ. ಆದರೂ ಬಾಟಲಿ ಮಾತ್ರ ಕಂಠದವರೆಗೆ ತುಂಬಿರುತ್ತಿತ್ತು. ಯಾರು ಏನು ಸುರಿಯುತ್ತಿದ್ದಾರೋ ಎಂದು ಗಾಬರಿಯಾಗಿ ಶಾಲೆಯ ಸಿಪಾಯಿ ಯಮನಪ್ಪನನ್ನು ಕರೆದು ಗದರಿಸಿದೆ.

ವಯಸ್ಸಾದ ಆತ ತಲೆ ತಗ್ಗಿಸಿದ. "ನಮ್ಮ ಮನ್ಯಾಗಿನ ಎಣ್ಣಿ ರೀ ಸರ. ನಾನಽ ಹಾಕೇನಿ."

"ಮತ್ತ ಮನ್ಯಾಗ ಚಿಮಣಿ ದೀಪಕ್ಕ?"

"ಹೊತ್ತು ಮುಳುಗೂದ್ರಾಗ ಉಂಡ್ ಬಿಡ್ತೇವ್ರಿ. ನೀವು ಆ ಬಾಟ್ಲ್ಯಾಗಿನ ಚೂರು ನೀರಿಗೆ ಹಾಕಿದಾಗ ಭುಗ್ ಅಂತ ಹತ್ತಿದ್ದು ಬಾಗಲಾಗ ನಿಂತು ನೋಡೇನಿ. ಹುಡುಗೂರು ಕುಂಡ್ರೂ ಜಾಗಾ ರೀ ಇದು."

ಗದರಿಸಿದ್ದಕ್ಕೆ ನಾಚಿಕೆಯಾಗಿ, ಆತನನ್ನು ಗೋಡೆಯ ಮೇಲಿನ ಆವರ್ತ ಕೋಷ್ಟಕದ ಮುಂದೆ ನಿಲ್ಲಿಸಿ ಸೋಡಿಯಂನ ಮನೆ ತೋರಿಸಿದೆ. ಮೇಲಿಂದ ಕೆಳಗೆ ಇರುವವೆಲ್ಲ ಒಂದೇ ಗುಣದವು, ಕೆಳಗಿಳಿದಷ್ಟೂ ಸಿಟ್ಟು ಜಾಸ್ತಿ, ಕೆಳಗಿನ ಪೊಟ್ಯಾಸಿಯಂ ಇದಕ್ಕಿಂತ ಜೋರು, ಅದಕ್ಕೂ ಎಣ್ಣೆ ಬೇಕು ಎಂದೆ.

ಆತ ಬೆರಳಿಟ್ಟು ಆ ಸಾಲಿನ ತಳದವರೆಗೂ ನೋಡಿ ಕೈಮುಗಿದ. "ಇವರನ್ನೆಲ್ಲಾ ತರಸಬ್ಯಾಡ್ರಿ ಸರ. ನಮ್ಮನ್ಯಾಗ ಇರೂದು ಒಂದಽ ಚಿಮಣಿ."

ಮರುದಿನ ನಮ್ಮ ಮನೆಯಲ್ಲಿದ್ದ ಎಣ್ಣೆಯಲ್ಲಿ ಅರ್ಧ ಆತನಿಗೆ ಕೊಟ್ಟು, ಇದು ದೀಪಕ್ಕೆ ಮಾತ್ರ ಎಂದು ಆಣೆ ಹಾಕಿಸಿದೆ. ಆಮೇಲೂ ಇಳಿಯದ ಬಾಟಲಿಯ ಮಟ್ಟ ನೋಡಿದರೆ ಆಣೆ ಎಷ್ಟು ದಿನ ಉಳಿಯಿತೋ ಅನುಮಾನ.