ನೆಗಡಿಯ ಣ

ಎಂಟು ವರ್ಷದ ಹಿಂದೆ ನಾನೊಂದು ತಂತ್ರಾಂಶ ಬರೆದಿದ್ದೆ. ಕಂಪ್ಯೂಟರಿನ ಪರದೆಯ ಮೇಲಿರುವ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವುದು ಅದರ ಕೆಲಸ. ಓದುವ ದನಿ ನನ್ನದೇ. ಕುಸನೂರಿನ ಮನೆಯಲ್ಲಿ ಫ್ಯಾನ್ ಬಂದ್ ಮಾಡಿ, ತಲೆ ತುಂಬ ಕೌದಿ ಹೊದ್ದು, ದಿನಕ್ಕೆ ನಾಲ್ಕೈದು ಅಕ್ಷರದಂತೆ ರೆಕಾರ್ಡ್ ಮಾಡಿದ್ದೆ. ಯಾರು ಬೇಕಾದರೂ ಪುಕ್ಕಟೆ ಬಳಸಲಿ, ತಿದ್ದಲಿ ಎಂದು ಇಂಟರ್‌ನೆಟ್ಟಿಗೆ ಹಾಕಿದೆ. ಲೋಕೋಪಕಾರ ಮಾಡಿದವಳಂತೆ ಒಂದು ವರ್ಷ ಬೀಗಿದೆ. ಆಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಲಬುರಗಿಯ ಕಾಲೇಜಿನಲ್ಲಿ ಪಾಠ, ಪರೀಕ್ಷೆ ಎಂದೆಲ್ಲ ನೆಪ ಹೇಳುತ್ತಿದ್ದೆ. ನಿಜವೆಂದರೆ ನನಗೆ ಬೇಸರ ಬಂದಿತ್ತು.

ಹೋದ ಬೇಸಿಗೆಯಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಹಲೋ, ಯಾರ್ರೀ?" ಎಂದೆ. ಆ ಕಡೆ ಒಬ್ಬರು ನಕ್ಕರು.

"ನೀವು ಯಾರಂತ ನಾ ಕೇಳಂಗಿಲ್ರೀ ಮೇಡಂ. ದಿನಾ ನಿಮ್ಮ ದನಿ ಕೇಳೇ ಪಾಠ ತಯಾರ ಮಾಡ್ತೇನಿ."

ಅವರು ಕಮಲಾಪುರದ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರು, ಹುಟ್ಟಿನಿಂದ ಕಣ್ಣು ಕಾಣದವರು. ಒಂದೇ ವರ್ಷದಲ್ಲಿ ನನಗೆ ಮೂರು ಮೇಲ್ ಕಳಿಸಿದ್ದರಂತೆ. ನಾನು ಒಂದನ್ನೂ ತೆರೆದಿರಲಿಲ್ಲ. ಮುಂದಿನ ತಿಂಗಳು ಅವರ ಶಾಲೆಗೆ ಹೊಸ ಕಂಪ್ಯೂಟರ್ ಬರುತ್ತವೆ, ಅವುಗಳಲ್ಲಿ ನನ್ನ ಹಳೆಯ ತಂತ್ರಾಂಶ ಬಾಯಿ ಬಿಡುವುದಿಲ್ಲ. ತಮ್ಮ ಪ್ರತಿಯನ್ನು ಅವರು ಆಗಲೇ ರಿಪೇರಿ ಮಾಡಿಕೊಂಡಿದ್ದರು. ಆದರೆ ಬೇರೆ ಊರುಗಳಲ್ಲೂ ಅವರಂಥವರು ಇದನ್ನೇ ನಂಬಿಕೊಂಡಿದ್ದಾರೆ, ಅವರೆಲ್ಲ ಇಳಿಸಿಕೊಳ್ಳುವುದು ನನ್ನ ಪುಟದಿಂದ. ಆ ಪುಟದ ಬೀಗದ ಕೈ ನನ್ನ ಹತ್ತಿರ ಇತ್ತು. ಉಸ್ತುವಾರಿ ತಮಗೆ ಕೊಡುತ್ತೀರಾ ಎಂದು ಕೇಳಿದರು.

ನನಗೆ ಮೊದಲು ಬಂದದ್ದು ಸಿಟ್ಟು. ಕೋಡ್ ಎಲ್ಲ ನಿಮಗೆ ತಿಳಿಯುತ್ತದೆಯೇ ಎಂದು ದೊಡ್ಡಸ್ತಿಕೆಯಿಂದ ಕೇಳಿಯೂ ಬಿಟ್ಟೆ. ಅವರು ನನ್ನ ತಪ್ಪುಗಳನ್ನು ಒಂದೊಂದಾಗಿ, ಬಹಳ ಮರ್ಯಾದೆಯಿಂದ ಹೇಳತೊಡಗಿದರು. ಅವರ ಪಟ್ಟಿ ಮುಗಿಯುವ ಲಕ್ಷಣ ಕಾಣಲಿಲ್ಲ, ಭಾನುವಾರ ನಾನೇ ಬರುತ್ತೇನೆ ಎಂದೆ.

ಕಮಲಾಪುರದ ಅವರ ಮನೆಯಲ್ಲಿ ಹಸ್ತಾಂತರಕ್ಕೆ ಹಿಡಿದದ್ದು ಚಹಾ ಆರುವಷ್ಟು ಹೊತ್ತು. ಪುಟ ಅವರ ಹೆಸರಿಗಾಯಿತು. ಭಾರ ಇಳಿಸಿದವಳಂತೆ ಉಸಿರು ಬಿಟ್ಟೆ. ಇಷ್ಟು ವರ್ಷ ಆ ಭಾರ ಹೊತ್ತವರು ಎದುರಿಗೆ ಕೂತಿದ್ದರು ಎಂಬುದು ಆಮೇಲೆ ಹೊಳೆಯಿತು, ನಾಚಿಕೆಯಾಯಿತು.

ಅವರದು ಇನ್ನೊಂದು ಬೇಡಿಕೆ ಇತ್ತು: ಣ. ಅದನ್ನು ರೆಕಾರ್ಡ್ ಮಾಡಿದ ದಿನ ನನಗೆ ಜೋರು ನೆಗಡಿ. ಮೂಗು ಕಟ್ಟಿ ಣ ಹೋಗಿ ಡ ಆಗಿತ್ತು. ಎಂಟು ವರ್ಷ ನಾನು ಅವರ ಮನೆಯಲ್ಲಿ ಹಣ್ಣಿಗೆ ಹಡ್ಡು, ಬಣ್ಣಕ್ಕೆ ಬಡ್ಡ ಎನ್ನುತ್ತ ಬಂದಿದ್ದೆ. ಕೇಳಿ ಕೇಳಿ ರೂಢಿಯಾಗಿ ಅವರೂ ಒಮ್ಮೆ ತರಗತಿಯಲ್ಲಿ ರಣರಂಗಕ್ಕೆ ರಡರಂಗ ಎಂದರಂತೆ. ಅವರ ಹೆಂಡತಿ ಇದನ್ನು ಹೇಳಿ ಹೇಳಿ ನಕ್ಕರು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಅವರು ಕೂಲರ್ ಬಂದ್ ಮಾಡಿದರು, ನಾನು ಬೆವರುತ್ತ ಹೊಸದಾಗಿ ಣ ಹೇಳಿದೆ. ಮಾಸ್ತರು ಅದನ್ನು ಜೋಡಿಸಿ ಕಂಪ್ಯೂಟರಿಗೆ ಓದಲು ಬಿಟ್ಟರು. ಕಮಲಾಪುರದ ಕೆಂಪು ಬಾಳೆಹಣ್ಣು, ಎಂದಿತು ನನ್ನ ದನಿ.

ಇನ್ನು ಇದು ನಿಮ್ಮದು, ನನ್ನ ದನಿ ತೆಗೆದು ನಿಮ್ಮದನ್ನೇ ಹಾಕಿಕೊಳ್ಳಿ ಎಂದೆ.

"ಬ್ಯಾಡ್ರೀ. ನನ್ನ ದನಿ ನಾನ ಕೇಳ್ಕೋತ ಕುಂತ್ರ ಒಬ್ಬನ ಮಾತಾಡಿದಂಗ ಆಗ್ತದ. ಓದಿ ಹೇಳಾಕ ಮನ್ಯಾಗ ಇನ್ನೊಬ್ಬರು ಇರಬೇಕ್ರೀ."

ನಾನು ಮರೆತೇಬಿಟ್ಟಿದ್ದ ದನಿಯನ್ನು ಇವರು ಮನೆಯವಳಂತೆ ಇಟ್ಟುಕೊಂಡಿದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ನಿಮ್ಮ ಋಣ ದೊಡ್ಡದದರೀ ಸರ್" ಎಂದೆ.

ಅವರು ಕಿವಿ ನನ್ನ ಕಡೆ ತಿರುಗಿಸಿ ಕೇಳಿದರು. "ಣ ಈಗ ಛಂದ ಬಂತ್ರೀ" ಎಂದರು.