ಉಸುಕಿನ ರಾಶಿಯ ಹಳದಿ ಹೂ

ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವನು ನಾನು. ಧಾರವಾಡದ ನಮ್ಮ ಓಣಿಯ ಖಾಲಿ ಸೈಟಿನಲ್ಲಿ ಯಾರೋ ಸುರುವಿ ಹೋಗಿದ್ದ ಉಸುಕಿನ ರಾಶಿಯ ಮೇಲೆ ಒಂದೇ ಒಂದು ಗಿಡ ಎದ್ದಿತ್ತು. ಎಲೆ ತುಂಬ ಬಿಳಿ ನವಿರುಗೂದಲು, ತುದಿಗೊಂದು ಹಳದಿ ಮೊಗ್ಗು. ನಮ್ಮ ಸೀಮೆಯದಂತೂ ಅಲ್ಲ. ಲಾರಿಯ ಉಸುಕಿನೊಂದಿಗೆ ಎಲ್ಲಿಂದಲೋ ಬಂದ ಬೀಜ. ನನ್ನ ಯಾವ ಪುಸ್ತಕದಲ್ಲೂ ಅದು ಸಿಗಲಿಲ್ಲ. ಅರಳಿದ ಹೂವನ್ನು ಇಡಿಯಾಗಿ ನೋಡದೆ ಹೆಸರು ಹೇಳುವಂತಿರಲಿಲ್ಲ. ದನ ಬಾಯಿ ಹಾಕದಿರಲೆಂದು ಸುತ್ತ ಮುಳ್ಳು ಇಟ್ಟು ಹನ್ನೆರಡು ದಿನ ಕಾದೆ. ಹೆಂಡತಿಗೆ ಹೇಳಲಿಲ್ಲ. ಅವಳಿಗೇನು ತಿಳಿಯುತ್ತದೆ ಎಂಬ ಸೊಕ್ಕು ನನಗೆ.

ಹನ್ನೆರಡನೆಯ ಸಂಜೆ ಮೊಗ್ಗು ಬಿರಿಯತೊಡಗಿತ್ತು. ಮರುದಿನ ಬೆಳಿಗ್ಗೆ ಭೂತಗನ್ನಡಿ ಹಿಡಿದು ಹೋದರೆ ಗಿಡ ಬೇರುಸಹಿತ ಕಿತ್ತು ಬಿದ್ದಿತ್ತು. ಹೂವಿರಲಿಲ್ಲ. ನಸುಕಿನಲ್ಲಿ ನಮ್ಮ ಓಣಿಯವರು ಪೂಜೆಗೆಂದು ಕಂಡವರ ಹೂವನ್ನೆಲ್ಲ ಹರಿದುಕೊಳ್ಳುತ್ತಾರೆ. ಅವರ ಹಿರಿಯರನ್ನೂ ಬಿಡದೆ ಬೈಯುತ್ತ ಮನೆಗೆ ಬಂದೆ.

ಹೆಂಡತಿ ದೇವರ ಮುಂದೆ ಕೂತಿದ್ದಳು.

"ಒಂದ ಹೂ ಸಿಕ್ತರಿ. ಎಲ್ಲಾ ದೇವರಿಗೂ ಬರ್ಲಿ ಅಂತ ಎಸಳ ಬಿಡಿಸಿ ಏರಿಸೇನಿ."

ಪ್ರತಿ ಮೂರ್ತಿಯ ತಲೆಯ ಮೇಲೂ ಕುಂಕುಮ ಮೆತ್ತಿದ ಒಂದೊಂದು ಹಳದಿ ಎಸಳಿತ್ತು.

"ಏನ್ ಹೂವ್ರೀ ಅದು?" ಎಂದು ಕೇಳಿದಳು. "ನಿಮಗ ಗೊತ್ತಿರ್ತದಲ್ಲ."